ಅಮೆರಿಕದ ಕ್ಯಾಂಪಸ್ಸಲ್ಲಿ ಯಹೂದಿ ಹುಡುಗ್ರನ್ನ ಒಟ್ಟು ಸೇರಿಸೋದು ಹೇಗೆ? ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲೇ ಹೇಳ್ಬಿಡ್ತೀನಿ, ನಾನು ಯಹೂದಿ ಅಲ್ಲ, ತೀರ್ಥಹಳ್ಳಿ ಕಡೆಯವನು. ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೋದಾಗ ರೂಮ್‌ಮೇಟ್ ಆಗಿ ಒಬ್ಬ ಯಹೂದಿ ಹುಡುಗ ಸಿಕ್ಕಿದ, ಒಂದು ಶುಕ್ರವಾರ ರೂಮಲ್ಲಿ ಅಕ್ಕಿ ಖಾಲಿ, ಹೊರಗೆ ಹಿಮ, ಬಾ, ಹಿಲೆಲ್ ಅನ್ನೋ ಕಡೆ ಊಟ ಇದೆ ಅಂದ, ಹೋದೆ. ಆಮೇಲೆ ಎರಡು ವರ್ಷ ಅಲ್ಲೇ ಕುರ್ಚಿ ಹಾಕ್ಕೊಂಡು, ಈರುಳ್ಳಿ ಹೆಚ್ಕೊಂಡು, ಪಾತ್ರೆ ತೊಳ್ಕೊಂಡು ಇದ್ದೆ. ಈಗ ವಾಟ್ಸಾಪ್ ಗುಂಪುಗಳಲ್ಲಿ ಯಾರಾದ್ರೂ ಕೇಳ್ತಾನೇ ಇರ್ತಾರೆ, ಅದೇನದು, ನಾವೂ ಹೋಗ್ಬಹುದಾ, ಅವರ ಹುಡುಗ್ರು ಹೇಗೆ ಬರ್ತಾರೆ ನಮ್ಮ ಕನ್ನಡ ಕೂಟಕ್ಕೆ ಯಾಕೆ ಬರಲ್ಲ ಅಂತ. ಪ್ರತಿ ಸಲ ಟೈಪ್ ಮಾಡಿ ಸಾಕಾಗಿ ಒಂದೇ ಕಡೆ ಬರ್ದಿಟ್ಟಿದೀನಿ.

ಈ ಹಿಲೆಲ್ ಅಂದ್ರೇನು? ದೇವಸ್ಥಾನನಾ, ಹಾಸ್ಟೆಲ್ಲಾ, ಕ್ಲಬ್ಬಾ?

ಮೂರೂ ಅಲ್ಲ, ಮೂರೂ ಸ್ವಲ್ಪ ಸ್ವಲ್ಪ ಹೌದು. ನಮ್ಮಲ್ಲಿ ಹತ್ರದ ಹೋಲಿಕೆ ಅಂದ್ರೆ ಊಟದ ಹಾಲ್ ಇರೋ ಸಮುದಾಯ ಭವನ, ಆದ್ರೆ ಪೂರ್ತಿ ಕಾಲೇಜು ಮಕ್ಕಳಿಗೋಸ್ಕರ. 1923ರಲ್ಲಿ ಇಲಿನಾಯ್ ಯೂನಿವರ್ಸಿಟೀಲಿ ಶುರುವಾಗಿದ್ದು. ಅದರ ಕತೆ ನಂಗೆ ತುಂಬ ಇಷ್ಟ. ಎಡ್ವರ್ಡ್ ಚಾನ್ಸಿ ಬಾಲ್ಡ್‌ವಿನ್ ಅಂತ ಒಬ್ರು ಇಂಗ್ಲಿಷ್ ಮೇಷ್ಟ್ರು, ಕ್ರಿಶ್ಚಿಯನ್ನರು, ಬೈಬಲ್ ಸಾಹಿತ್ಯ ಪಾಠ ಮಾಡೋರು. ಕ್ಲಾಸಲ್ಲಿರೋ ಯಹೂದಿ ಹುಡುಗ್ರಿಗೆ ತಮ್ಮದೇ ಗ್ರಂಥದ ಬಗ್ಗೆ ಏನೂ ಗೊತ್ತಿಲ್ವಲ್ಲ ಅಂತ ಅವರಿಗೆ ಬೇಜಾರಾಗಿ ಊರಿನ ಯಹೂದಿ ಹಿರಿಯರ ಹತ್ರ ಹೋಗಿ ಏನಾದ್ರೂ ಮಾಡ್ರಪ್ಪ ಅಂದ್ರಂತೆ. ಬೆಂಜಮಿನ್ ಫ್ರಾಂಕೆಲ್ ಅನ್ನೋ ಎಳೆ ವಯಸ್ಸಿನ ರಬ್ಬಿ, ಅಂದ್ರೆ ಯಹೂದಿ ಧರ್ಮಗುರು, ಅದನ್ನ ಕಟ್ಟಿದ್ರು, ಪಾಪ 1927ರಲ್ಲಿ ತೀರೇ ಹೋದ್ರು. ಹೆಸರು ಬಂದಿದ್ದು ಸುಮಾರು ಎರಡು ಸಾವಿರ ವರ್ಷದ ಹಿಂದಿನ ಹಿಲೆಲ್ ಅನ್ನೋ ಗುರುವಿಂದ. ಈಗ ಅಮೆರಿಕದಲ್ಲಿ ಮತ್ತೆ ಹೊರಗಡೆ ನೂರಾರು ಕ್ಯಾಂಪಸ್ಸಲ್ಲಿ ಇದೆ.

ಆ ಕಾಲನೂ ನೆನಪಿಟ್ಕೋಬೇಕು. 1922ರಲ್ಲಿ ಹಾರ್ವರ್ಡ್ ಅಧ್ಯಕ್ಷ ಲೋವೆಲ್ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕ್ಬೇಕು ಅಂತ ಬಹಿರಂಗವಾಗೇ ಹೇಳಿದ್ರು. ಕ್ಯಾಂಪಸ್ಸಿನ ಫ್ರಟರ್ನಿಟಿಗಳು, ಅಂದ್ರೆ ಹುಡುಗ್ರ ಸಂಘಗಳು, ಯಹೂದಿಗಳನ್ನ ಸೇರಿಸ್ಕೋತಿರ್ಲಿಲ್ಲ, ಅದಕ್ಕೆ ಅವರು ತಮ್ಮದೇ ಕಟ್ಕೊಂಡ್ರು, ಜೀಟಾ ಬೀಟಾ ಟಾವ್ 1898ರಲ್ಲಿ, ಆಲ್ಫಾ ಎಪ್ಸಿಲಾನ್ ಪೈ 1913ರಲ್ಲಿ. ಒಟ್ಟು ಸೇರೋದು ಆಗ ಶೋಕಿ ಆಗಿರ್ಲಿಲ್ಲ, ಬೇರೆಯವರು ಬಾಗಿಲು ಹಾಕಿದ್ರು ಅಂತ ತಮ್ಮ ಬಾಗಿಲು ತೆಗ್ದಿದ್ದು.

ಖಬಾದ್ ಅಂತಾನೂ ಇದ್ಯಲ್ಲ, ಅದೂ ಇದೂ ಒಂದೇನಾ?

ಬೇರೆ ಬೇರೆ. ಹಿಲೆಲ್ ಅಂದ್ರೆ ಆಫೀಸು, ಸ್ಟಾಫು, ಡೈರೆಕ್ಟರ್ರು, ವಿದ್ಯಾರ್ಥಿ ಕಮಿಟಿ, ಎಲ್ಲಾ ಪಂಗಡದವರಿಗೂ ಜಾಗ. ಖಬಾದ್ ಅಂದ್ರೆ ಒಂದು ಮನೆ. ರಬ್ಬಿ, ಅವರ ಹೆಂಡತಿ, ಕಾಲಿಗೆ ಸಿಕ್ಕೋ ಐದಾರು ಮಕ್ಕಳು, ಕ್ಯಾಂಪಸ್ ಪಕ್ಕದಲ್ಲೇ ಬಾಡಿಗೆಗೋ ಸ್ವಂತಕ್ಕೋ ಮನೆ ಮಾಡ್ಕೊಂಡು ಜೀವನಪೂರ್ತಿ ಅಲ್ಲೇ ಇರ್ತಾರೆ. ಕ್ಯಾಂಪಸ್ಸಿಗೆ ಅಂತ ಮೊದಲ ಖಬಾದ್ ಹೌಸ್ ಆಗಿದ್ದು 1969ರಲ್ಲಿ, ಲಾಸ್ ಏಂಜಲೀಸಿನ ಯುಸಿಎಲ್‌ಎ ಹತ್ರ. ಇವರು ಸ್ವತಃ ಕಟ್ಟಾ ಸಂಪ್ರದಾಯಸ್ಥರು, ಆದ್ರೆ ಬರೋ ಹುಡುಗ ಹೇಗಿದ್ರೂ ಕೇಳಲ್ಲ, ಟಾರ್ನ್ ಜೀನ್ಸ್ ಹಾಕ್ಕೊಂಡು ಬಂದ್ರೂ ತಟ್ಟೆ ಬರತ್ತೆ.

ಇಬ್ರ ಮಧ್ಯೆ ಸಣ್ಣ ಪೈಪೋಟಿ ಇದ್ದೇ ಇದೆ, ಯಾರೂ ಬಾಯ್ಬಿಟ್ಟು ಹೇಳಲ್ಲ. ಹುಡುಗ್ರು ಮಾತ್ರ ಜಾಣರು, ಅಲ್ಲಿ ಸೂಪು ಇಲ್ಲಿ ಡೆಸರ್ಟು.

ಹುಡುಗ್ರು ಬರದಿದ್ರೆ ಬಿಡ್ಲಿ, ಸೇರಿಸ್ಲೇಬೇಕು ಅಂತ ಯಾಕಿಷ್ಟು ತಲೆ ಕೆಡಿಸ್ಕೋತಾರೆ?

ಲೆಕ್ಕ ನೋಡಿ. ಪ್ಯೂ ಸಂಸ್ಥೆ 2020ರಲ್ಲಿ ಮಾಡಿದ ಸರ್ವೇ ಪ್ರಕಾರ ಅಮೆರಿಕದಲ್ಲಿ ಎಲ್ಲಾ ವಯಸ್ಸಿನ ಯಹೂದಿಗಳು ಸೇರಿ ಸುಮಾರು 75 ಲಕ್ಷ, ವಯಸ್ಕರ ಪೈಕಿ ನೂರಕ್ಕೆ ಎರಡೂವರೆಗಿಂತ ಕಮ್ಮಿ. 2010ರಿಂದೀಚೆಗೆ ಮದುವೆ ಆದವರಲ್ಲಿ ನೂರಕ್ಕೆ 61 ಜನ ಯಹೂದಿ ಅಲ್ಲದವರನ್ನ ಮದುವೆ ಆಗಿದಾರೆ. ತಪ್ಪು ಅಂತ ನಾನು ಹೇಳ್ತಿಲ್ಲ, ನಮ್ಮನೇಲೂ ಅಂಥದ್ದು ಆಗಿದೆ, ಚೆನ್ನಾಗೇ ಇದಾರೆ. ಆದ್ರೆ ಅಜ್ಜ ಅಜ್ಜಿಯರಿಗೆ ಹೊಟ್ಟೆಲಿ ಸಂಕಟ ಆಗತ್ತೆ, ಮುಂದಿನ ತಲೆಮಾರಿಗೆ ಶುಕ್ರವಾರ ದೀಪ ಹಚ್ಚೋರು ಯಾರು ಅಂತ. ಕಾಲೇಜಿನ ನಾಲ್ಕು ವರ್ಷ ಅಂದ್ರೆ ಅಪ್ಪ ಅಮ್ಮ ಹೇಳಿದ್ದಕ್ಕೆ ಮಾಡ್ತಿದ್ದದ್ದು ನಿಲ್ಲೋ ಹೊತ್ತು, ತನ್ನಷ್ಟಕ್ಕೆ ಮಾಡೋದು ಇನ್ನೂ ಶುರುವಾಗದ ಹೊತ್ತು. ದುಡ್ಡು ಶ್ರಮ ಎಲ್ಲಾ ಅಲ್ಲಿ ಸುರಿಯೋದು ಅದಕ್ಕೇ.

ಶುಕ್ರವಾರದ ಊಟ ಶುಕ್ರವಾರದ ಊಟ ಅಂತೀರಲ್ಲ, ಅಲ್ಲಿ ಅಂಥದ್ದೇನು ನಡೆಯತ್ತೆ?

ಶಬ್ಬಾತ್ ಅಂದ್ರೆ ಅವರ ವಾರದ ವಿಶ್ರಾಂತಿ ದಿನ, ಶುರುವಾಗೋದು ಶುಕ್ರವಾರ ಸೂರ್ಯ ಮುಳುಗೋ ಹೊತ್ತಿಗೆ. ಡಿಸೆಂಬರಲ್ಲಿ ಅದು ಸಂಜೆ ನಾಲ್ಕೂವರೆಗೇ ಬಂದ್ಬಿಡತ್ತೆ, ಲ್ಯಾಬಿಂದ ಓಡೋಡಿ ಬರೋರನ್ನ ನೋಡ್ಬೇಕು. ದೀಪ ಹಚ್ಚೋದು ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ. ಆಮೇಲೆ ಪ್ರಾರ್ಥನೆ, ಅದು ಒಂದೇ ಅಲ್ಲ, ಪಂಗಡಕ್ಕೊಂದು, ಒಂದು ರೂಮಲ್ಲಿ ಗಿಟಾರ್ ಹಿಡ್ಕೊಂಡು ಸಡಿಲ ಕಟ್ಟಳೆಯ ರಿಫಾರ್ಮ್‌ನವರು, ಇನ್ನೊಂದರಲ್ಲಿ ನಡುದಾರಿಯ ಕನ್ಸರ್ವೇಟಿವ್, ಮತ್ತೊಂದರಲ್ಲಿ ಗಂಡಸರು ಹೆಂಗಸರು ಮಧ್ಯೆ ಪರದೆ ಹಾಕ್ಕೊಂಡ ಆರ್ಥೊಡಾಕ್ಸ್. ಪ್ರಾರ್ಥನೆ ಬೇಡ ಅನ್ನೋರು ಸೋಫಾ ಮೇಲೆ ಹರಟೆ. ಬಾಗಿಲು ಮೂರು, ಊಟದ ಹಾಲ್ ಒಂದೇ, ಇದು ನನ್ನ ಪ್ರಕಾರ ಇಡೀ ವ್ಯವಸ್ಥೆಯ ಗುಟ್ಟು. ದೇವರ ಹತ್ರ ಹೇಗೆ ಮಾತಾಡ್ಬೇಕು ಅನ್ನೋದ್ರಲ್ಲಿ ಒಮ್ಮತ ಬರಲ್ಲ ಅಂತ ಒಪ್ಕೊಂಡಿದಾರೆ, ಕೋಳಿ ಸೂಪಲ್ಲಿ ಬರತ್ತೆ.

ಊಟದ ಹಾಲ್‌ನಲ್ಲಿ ಮೊದಲು ದ್ರಾಕ್ಷಾರಸದ ಲೋಟ ಹಿಡ್ದು ಕಿದ್ದುಶ್ ಅನ್ನೋ ಹಾಡು. 21 ವರ್ಷ ಆಗದವರಿಗೆ ವೈನ್ ಕೊಡೋ ಹಾಗಿಲ್ಲ, ಹಾಗಾಗಿ ಕ್ಯಾಂಪಸ್ಸಲ್ಲಿ ದ್ರಾಕ್ಷಿ ಜ್ಯೂಸೇ ಜಾಸ್ತಿ. ಆಮೇಲೆ ಎಲ್ರೂ ಎದ್ದು ಎರಡು ಹಿಡಿ ಇರೋ ಚೊಂಬಿನಂಥ ಪಾತ್ರೇಲಿ ಒಂದೊಂದು ಕೈಗೆ ನೀರು ಹಾಕ್ಕೊಂಡು ಬಂದು ಕೂರ್ತಾರೆ. ಕೈ ತೊಳೆದ ಮೇಲೆ ರೊಟ್ಟಿ ಬಾಯಿಗೆ ಹಾಕೋವರೆಗೂ ಮಾತಾಡೋ ಹಾಗಿಲ್ಲ. ನಂಗೆ ಗೊತ್ತಿರ್ಲಿಲ್ಲ, ಮೊದಲ ದಿನ ಪಕ್ಕದವಳನ್ನ ಯಾವ ಡಿಪಾರ್ಟ್‌ಮೆಂಟು ಅಂತ ಕೇಳ್ದೆ, ಅವಳು ಕಣ್ಣು ಅರಳಿಸಿ ಹೂಂ ಹೂಂ ಅಂತ ಗುನುಗ್ತಿದಾಳೆ, ಏನೋ ತಪ್ಪು ಮಾಡ್ದೆ ಅಂತ ಬೆವರು ಬಂತು. ನೋಡಿದ್ರೆ ಇಡೀ ಟೇಬಲ್ಲೇ ಗುನುಗ್ತಿದೆ, ಮಾತಿಲ್ಲ ಆದ್ರೆ ರಾಗಕ್ಕೆ ಅಡ್ಡಿ ಇಲ್ವಲ್ಲ. ನಮ್ಮಜ್ಜ ಎಲೆ ಸುತ್ತ ನೀರು ಬಿಟ್ಟು ಚಿತ್ರಾಹುತಿ ಇಡೋವಾಗ ನಾವು ಮಕ್ಕಳು ಬಾಯಿ ಮುಚ್ಕೊಂಡು ಕೂರ್ತಿದ್ವಿ, ಥೇಟ್ ಅದೇ. ಆಮೇಲೆ ಜಡೆ ಹೆಣೆದ ಹಾಗಿರೋ ಹಲ್ಲಾ ಬ್ರೆಡ್ಡು, ಎರಡು ಇಟ್ಟಿರ್ತಾರೆ, ಮುರಿದು ಉಪ್ಪಿಗೆ ಅದ್ದಿ ಹಂಚ್ತಾರೆ. ಆ ತುಂಡು ಬಾಯಿಗೆ ಬಿದ್ದಿದ್ದೇ ತಡ ಒಂದೇ ಸಲ ಎಲ್ರೂ ಮಾತು ಶುರು, ಜೇನುಗೂಡಿಗೆ ಕಲ್ಲು ಹೊಡ್ದ ಹಾಗೆ. ಅವಳು ಮೊದಲು ಹೇಳಿದ್ದೇ, ಸಾರಿ, ಕೆಮಿಸ್ಟ್ರಿ ಅಂತ.

ಇನ್ನೊಂದು ವಿಷಯ. ಶಬ್ಬಾತ್ ದಿನ ಕಟ್ಟುನಿಟ್ಟಾಗಿ ಇರೋರು ಬರೆಯಲ್ಲ, ಫೋನ್ ಮುಟ್ಟಲ್ಲ. ಅಂದ್ರೆ ಬಂದವರ ಹೆಸರು ಬರ್ಕೊಳೋಕೆ ಬಾಗಿಲಲ್ಲಿ ರಿಜಿಸ್ಟರ್ ಇಡೋ ಹಾಗಿಲ್ಲ. ಬರೋದಾದ್ರೆ ಗುರುವಾರದೊಳಗೆ ಆನ್‌ಲೈನಲ್ಲಿ ಹೇಳ್ಬೇಕು, ಇಲ್ಲಾಂದ್ರೆ ಆಮೇಲೆ ತಟ್ಟೆ ಎಣಿಸ್ಬೇಕು. ತಟ್ಟೆ ಎಣಿಸಿದ್ದು ನಾನೇ.

ಊಟ ಫ್ರೀನಾ? ದುಡ್ಡು ಯಾರದ್ದು?

ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಫ್ರೀ, ಕೆಲವು ಕಡೆ ಮೀಲ್ ಪ್ಲಾನಿಂದ ಕಟ್ ಆಗತ್ತೆ. ದುಡ್ಡು ಹಳೇ ವಿದ್ಯಾರ್ಥಿಗಳು, ಮಕ್ಕಳ ಅಪ್ಪ ಅಮ್ಮಂದಿರು, ಊರಿನ ಯಹೂದಿ ಫೆಡರೇಶನ್ನು (ದೇಣಿಗೆ ಕೂಡಿಸಿ ಹಂಚೋ ಸಂಘ), ದೊಡ್ಡ ದಾನಿಗಳು. ಗೋಡೆ ಮೇಲೆ ದಾನಿಗಳ ಹೆಸರಿನ ಫಲಕ, ನಮ್ಮ ದೇವಸ್ಥಾನದ ಕಲ್ಲುಬೆಂಚು ಫ್ಯಾನು ಟ್ಯೂಬ್‌ಲೈಟಿನ ಮೇಲೆ ಇರಲ್ವಾ, ಹಾಗೇ.

ದೊಡ್ಡ ಇವೆಂಟ್ ಮಾಡಿ ಪಿಜ್ಜಾ ಕೊಟ್ರೆ ಜನ ಬರಲ್ವಾ?

ಬರ್ತಾರೆ, ಪಿಜ್ಜಾ ತಿಂತಾರೆ, ಹೋಗ್ತಾರೆ. ಅಷ್ಟೇ.

ಇದು ನಾನು ಕಣ್ಣಾರೆ ನೋಡಿದ್ದು. ಆಗಸ್ಟಲ್ಲಿ ಹೊಸಬರ ಸ್ವಾಗತಕ್ಕೆ ಲಾನ್ ಮೇಲೆ ಬಾರ್ಬೆಕ್ಯೂ ಇಟ್ರು, ಡಿಜೆ, ಟಿ-ಶರ್ಟು, ಸಾಲು ರಸ್ತೆವರೆಗೂ ಬಂತು, ಎಲ್ರಿಗೂ ಖುಷಿ. ಮುಂದಿನ ವಾರ ಊಟಕ್ಕೆ ಬಂದಿದ್ದು ಎಂದಿನ ಮುಖಗಳೇ. ಟಿ-ಶರ್ಟು ಮಾತ್ರ ಡಿಸೆಂಬರ್ ತನಕ ಜಿಮ್ಮಲ್ಲಿ ಕಾಣಿಸ್ತಿತ್ತು. ಹೊಸ ಹುಡುಗನಿಗೆ ಅಲ್ಲಿ ಯಾರ ಪರಿಚಯನೂ ಆಗಿರ್ಲಿಲ್ಲ, ಇನ್ನೊಂದು ಸಲ ಒಬ್ನೇ ಬಾಗಿಲು ತಳ್ಕೊಂಡು ಒಳಗೆ ಬರೋಕೆ ಅವನಿಗೆ ಯಾವ ಕಾರಣನೂ ಇಲ್ಲ. ಒಳಗಡೆ ಎಂಟ್ಹತ್ತು ಜನ ಹಳಬರು ತಮ್ಮದೇ ಜೋಕು ಹೇಳ್ಕೊಂಡು ನಗ್ತಿದ್ರೆ ಬಾಗಿಲಲ್ಲಿ ನಿಂತವನಿಗೆ ವಾಪಸ್ ಹೋಗೋಣ ಅನ್ಸೋದು ಸಹಜ ತಾನೇ.

ಕೆಲಸ ಮಾಡಿದ್ದು ಕಾಫಿ. ಸುಮಾರು ಕ್ಯಾಂಪಸ್ಸಲ್ಲಿ ಹಿಲೆಲ್‌ನವರು ವಿದ್ಯಾರ್ಥಿಗಳನ್ನೇ ಸಂಬಳ ಕೊಟ್ಟು ಇಟ್ಕೋತಾರೆ, ಅವರ ಕೆಲಸ ಇವೆಂಟ್ ಮಾಡೋದಲ್ಲ, ಹಿಲೆಲ್ ಕಡೆ ತಲೆನೇ ಹಾಕದವರ ಜೊತೆ ಕಾಫಿ ಕುಡಿಯೋದು. ಕಾಫಿ ದುಡ್ಡು ಆಫೀಸಿಂದು. ಇದಕ್ಕೆ ಆರಿಸ್ಕೊಳೋರನ್ನ ನೋಡಿ, ಪ್ರತಿ ವಾರ ಪ್ರಾರ್ಥನೆಗೆ ಬರೋ ಶಿಸ್ತಿನ ಹುಡುಗನಿಗಿಂತ ರೋಯಿಂಗ್ ಟೀಮಲ್ಲೋ ನಾಟಕದ ಗುಂಪಲ್ಲೋ ಇಂಜಿನಿಯರಿಂಗ್ ಹಾಸ್ಟೆಲಲ್ಲೋ ಎಲ್ರಿಗೂ ಗೊತ್ತಿರೋ ಹುಡುಗನೇ ಬೇಕು ಅವರಿಗೆ. ಯಾಕಂದ್ರೆ ಅವನಿಗೆ ಗೊತ್ತಿರೋರು ಯಾರೂ ಹಿಲೆಲ್‌ಗೆ ಬರೋರಲ್ಲ. ಕಾಫಿ ಕುಡೀತಾ ಧರ್ಮದ ಸುದ್ದಿನೇ ಎತ್ತಲ್ಲ, ಎಲ್ಲಿಯವ, ಮನೇಲಿ ಯಾರಿದಾರೆ, ಏನು ಕಷ್ಟ, ಇಷ್ಟೇ. ಹೋಗೋವಾಗ ಬರ್ಕೊಂಡು ಇಟ್ಕೋತಾರೆ, ಇವಳಿಗೆ ಮಣ್ಣಿನ ಪಾತ್ರೆ ಮಾಡೋದು ಇಷ್ಟ, ಇವನಿಗೆ ಅಜ್ಜಿ ತೀರ್ಕೊಂಡು ಎರಡು ತಿಂಗಳು ಅಂತ. ಒಂದು ತಿಂಗಳಾದ್ಮೇಲೆ ಮೆಸೇಜ್ ಹೋಗತ್ತೆ, ನಾಲ್ಕು ಜನ ಸೇರಿ ಮಣ್ಣಿನ ದೀಪ ಮಾಡ್ತಿದೀವಿ, ನೀನು ಬಂದ್ರೆ ಕೈ ಹಿಡ್ದು ಕಲಿಸ್ಬಹುದು ಅಂತ. "ದಯವಿಟ್ಟು ಎಲ್ಲರೂ ಬನ್ನಿ" ಅನ್ನೋ ಪೋಸ್ಟರಿಗೂ ಇದಕ್ಕೂ ಎಷ್ಟು ವ್ಯತ್ಯಾಸ!

ನನ್ನ ರೂಮ್‌ಮೇಟೇ ಉದಾಹರಣೆ. ನನ್ನನ್ನ ಊಟಕ್ಕೆ ಕರೆಯೋಕೆ ಮುಂಚೆ ಅವನೇ ಒಂದೂವರೆ ವರ್ಷ ಹಿಲೆಲ್ ಕಡೆ ಸುಳಿದಿರ್ಲಿಲ್ಲ. ಒಬ್ಳು ಸೀನಿಯರ್ ಕಾಫಿಗೆ ಕರೆದು ಮಾತಾಡಿದಾಗ ಇವನು ಸುಮ್ನೆ ನಮ್ಮಜ್ಜಿ ಆಲೂಗಡ್ಡೆ ಕುಗೆಲ್ (ತುರಿದು ಓವನ್ನಲ್ಲಿ ಬೇಯಿಸೋ ತಿಂಡಿ) ಮಾಡ್ತಿದ್ಲು ಅಂದಿದಾನೆ. ಮೂರು ವಾರ ಬಿಟ್ಟು ಅವಳು, ಶುಕ್ರವಾರ ಕುಗೆಲ್ ಮಾಡೋಕೆ ಯಾರೂ ಇಲ್ಲ, ನಿಮ್ಮಜ್ಜಿ ಅಳತೆ ಗೊತ್ತಾ ಅಂತ ಕೇಳಿದ್ಲು. ಅವನಿಗೆ ಗೊತ್ತಿರ್ಲಿಲ್ಲ, ಅಮ್ಮಂಗೆ ಫೋನ್ ಮಾಡ್ದ, ಅಮ್ಮ ಅತ್ತೇ ಬಿಟ್ರು. ಹತ್ತು ಕೆಜಿ ಆಲೂಗಡ್ಡೆ ತುರಿದು ಬೆರಳೆಲ್ಲ ಗೀರು ಮಾಡ್ಕೊಂಡ. ಆ ಕುಗೆಲ್ ನಡುವೆ ಬೇಯದೇ ಹಸಿಹಸಿಯಾಗಿತ್ತು, ಆದ್ರೂ ಆಮೇಲೆ ಒಂದು ಶುಕ್ರವಾರನೂ ತಪ್ಪಿಸ್ಲಿಲ್ಲ.

ಹಬ್ಬಗಳಲ್ಲಿ ಯಾವುದು ಹೆಚ್ಚು ಜನ ಎಳೆಯತ್ತೆ?

ಅಚ್ಚರಿ ಅಂದ್ರೆ ಪ್ರಾರ್ಥನೆಯ ದೊಡ್ಡ ಹಬ್ಬಗಳಿಗಿಂತ ಕೈಯಲ್ಲಿ ಕೆಲಸ ಇರೋ ಹಬ್ಬಗಳು. ಸುಕ್ಕೋತ್ ಬರೋದು ಸೆಪ್ಟೆಂಬರ್ ಅಕ್ಟೋಬರಲ್ಲಿ, ಆಗ ಲಾನ್ ಮೇಲೆ ಒಂದು ಸುಕ್ಕಾ ಕಟ್ತಾರೆ. ನಮ್ಮ ಭಾಷೇಲಿ ಚಪ್ಪರ, ಬೇರೆ ಪದ ಬೇಡವೇ ಬೇಡ. ಮೇಲೆ ಹೊದಿಸೋದು ಗಿಡಮರದಿಂದ ಕಡಿದದ್ದೇ ಆಗಿರ್ಬೇಕು, ರಾತ್ರಿ ಸಂದೀಲಿ ನಕ್ಷತ್ರ ಕಾಣ್ಬೇಕು. ನಮ್ಮ ಕ್ಯಾಂಪಸ್ ಸುತ್ತ ಬರೀ ಜೋಳದ ಹೊಲ, ಹಾಗಾಗಿ ಮೆಕ್ಕೆಜೋಳದ ದಂಟು ಹಾಕಿದ್ರು. ಅಡಿಕೆ ಸೋಗೆ ಚಪ್ಪರ ಹಾಕಿ ಗೊತ್ತಿರೋನು ನಾನೊಬ್ನೇ ಅಲ್ಲಿ, ಹಗ್ಗ ಬಿಗಿಯೋದು ತೋರ್ಸಿಕೊಟ್ಟೆ, ಎರಡು ದಿನ ಹೀರೋ ಆಗಿದ್ದೆ. ಒಳಗೆ ಟೇಬಲ್ ಹಾಕಿ ಸೂಪು ಇಟ್ರೆ ದಾರೀಲಿ ಹೋಗೋರು, ಯಹೂದಿ ಆಗ್ಲಿ ಬಿಡ್ಲಿ, ಇದೇನು ಅಂತ ಇಣುಕ್ತಾರೆ. ಕೈಯಲ್ಲಿ ಹಿಡ್ದು ಅಲ್ಲಾಡಿಸೋ ಎತ್ರೋಗ್ ಹಣ್ಣು ನಮ್ಮ ಮಾದಲ ಹಣ್ಣೇ, ಮೂಸಿ ನೋಡಿದ್ರೆ ಊರು ನೆನಪಾಗತ್ತೆ.

ಅಂದಹಾಗೆ ಅವರ ಪಂಚಾಂಗನೂ ಚಾಂದ್ರಮಾನ, 19 ವರ್ಷಕ್ಕೆ ಏಳು ಅಧಿಕ ಮಾಸ. ಹಬ್ಬ ಈ ಸಲ ಬೇಗ ಬಂತು, ಈ ಸಲ ತಡ ಅಂತ ಅವರೂ ನಮ್ಮ ಹಾಗೇ ಪ್ರತಿ ವರ್ಷ ಅನ್ಕೋತಾರೆ.

ಹನುಕ್ಕಾಗೆ ಎಣ್ಣೇಲಿ ಕರಿದ ಆಲೂಗಡ್ಡೆ ಲಾಟ್ಕೆ, ಸೆಮಿಸ್ಟರ್ ಪರೀಕ್ಷೆ ಹೊತ್ತಿಗೆ ಬರೋದ್ರಿಂದ ಲೈಬ್ರರಿಗೇ ತಗೊಂಡು ಹೋಗಿ ಹಂಚ್ತಾರೆ. ಪೂರಿಮ್‌ಗೆ ವೇಷ, ಗಲಾಟೆ, ಹೋಳಿ ಆಸುಪಾಸಿನ ಹುಣ್ಣಿಮೆಗೆ ಬರತ್ತೆ. ಪಾಸೋವರಲ್ಲಿ ಸೇಡರ್ ಊಟ, ಮನೆಗೆ ಹೋಗೋಕಾಗದ ಹುಡುಗ್ರು ಹತ್ತು ಹನ್ನೆರಡು ಜನ ಸೇರಿ ಅಪಾರ್ಟ್‌ಮೆಂಟಲ್ಲೇ ಮಾಡ್ಕೋತಾರೆ, ಹಿಲೆಲ್‌ನವರು ಮಾಟ್ಸಾ ಅನ್ನೋ ಹುಳಿ ಬರಿಸದ ರೊಟ್ಟಿ, ಪುಸ್ತಕ, ಬೇಕಾದ ಸಾಮಾನು ಡಬ್ಬಿ ಕಟ್ಟಿ ಕೊಡ್ತಾರೆ. ಆ ಊಟಕ್ಕೆ ಮುಂಚೆ ಮನೆಯ ಚಿಕ್ಕ ಮಗು ನಾಲ್ಕು ಪ್ರಶ್ನೆ ಕೇಳತ್ತೆ, ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಯಾಕೆ ಬೇರೆ ಅಂತ. ನಾನಿಲ್ಲಿ ಬರೀತಿರೋ ಪುಟದ ಹಳೇ ಮಾದರಿ ಅನ್ನಿ.

ಲಾಟ್ಕೆ ಮೇಲೆ ಪ್ರೊಫೆಸರ್‌ಗಳು ಜಗಳ ಆಡ್ತಾರಂತೆ, ನಿಜನಾ?

ಪೂರ್ತಿ ನಿಜ. ಶಿಕಾಗೋ ಯೂನಿವರ್ಸಿಟೀಲಿ 1946ರಿಂದ ನಡೀತಿದೆ. ಹನುಕ್ಕಾದ ಆಲೂಗಡ್ಡೆ ಲಾಟ್ಕೆ ಮೇಲೋ, ಪೂರಿಮ್‌ನ ಮೂರು ಮೂಲೆ ಬಿಸ್ಕತ್ತು ಹಾಮನ್‌ತಾಶ್ ಮೇಲೋ ಅಂತ ಪ್ರೊಫೆಸರ್‌ಗಳು ಗೌನು ಹಾಕ್ಕೊಂಡು, ತಮ್ಮ ತಮ್ಮ ಶಾಸ್ತ್ರದ ಪರಿಭಾಷೇಲಿ, ಮುಖ ಗಂಭೀರ ಮಾಡ್ಕೊಂಡು ವಾದ ಮಾಡ್ತಾರೆ. ಭೌತಶಾಸ್ತ್ರದವರು ಸಮೀಕರಣ ಬರೀತಾರೆ, ಅರ್ಥಶಾಸ್ತ್ರದವರು ಗ್ರಾಫ್ ಹಾಕ್ತಾರೆ. ನೊಬೆಲ್ ಬಂದವರೂ ಈ ವೇದಿಕೆ ಹತ್ತಿದಾರೆ. ಗೆಲುವು ಇಲ್ಲಿವರೆಗೂ ಯಾರದ್ದೂ ಅಲ್ಲ, ಕೊನೇಲಿ ಎರಡೂ ತಿಂತಾರೆ.

ಶುರು ಮಾಡಿದವರ ಉದ್ದೇಶ ಬರೀ ತಮಾಷೆ ಅಲ್ಲ ನೋಡಿ. ಆಗಿನ ಹಿಲೆಲ್ ರಬ್ಬಿ ಮಾರಿಸ್ ಪೆಕಾರ್ಸ್ಕಿ, ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್, ಇತಿಹಾಸದ ಲೂಯಿ ಗಾಟ್ಸ್‌ಚಾಕ್ ಇವರೆಲ್ಲ ಸೇರಿ ಮಾಡಿದ್ದು. ಆ ಕಾಲದಲ್ಲಿ ಪ್ರೊಫೆಸರ್ ಆದವರು ತಾವು ಯಹೂದಿ ಅನ್ನೋದನ್ನ ಅಷ್ಟಾಗಿ ತೋರಿಸ್ಕೋತಿರ್ಲಿಲ್ಲ. ಕ್ಲಾಸಲ್ಲಿ ಹೆದರಿಸೋ ಮೇಷ್ಟ್ರು ನಮ್ಮಜ್ಜಿ ಕೂಡ ಇದನ್ನೇ ಕರೀತಿದ್ಲು ಅಂತ ವೇದಿಕೆ ಮೇಲೆ ನಿಂತು ಹೇಳಿದ್ರೆ ಹುಡುಗನಿಗೆ ಹೇಗಾಗ್ಬೇಡ.

"ನಾನು ಅಷ್ಟೇನೂ ಯಹೂದಿ ಅಲ್ಲ" ಅಂತ ದೂರ ಉಳಿಯೋರು ಇದಾರಾ?

ತುಂಬ. ಬರದೇ ಇರೋದಕ್ಕೆ ದೊಡ್ಡ ಕಾರಣ ಉದಾಸೀನ ಅಲ್ಲ, ಮುಜುಗರ. ಹೀಬ್ರೂ ಓದೋಕೆ ಬರಲ್ಲ, ಯಾವಾಗ ಎದ್ದು ನಿಲ್ಬೇಕು ಗೊತ್ತಿಲ್ಲ, ಮನೇಲಿ ಕ್ರಿಸ್ಮಸ್ ಮರನೂ ಇಡ್ತಿದ್ರು. ಜೊತೆಗೆ ಯಾರು ಯಹೂದಿ ಅನ್ನೋದೇ ಪಂಗಡಕ್ಕೊಂದು ಉತ್ತರ. ಆರ್ಥೊಡಾಕ್ಸ್ ಮತ್ತೆ ಕನ್ಸರ್ವೇಟಿವ್‌ನವರಿಗೆ ತಾಯಿ ಯಹೂದಿ ಆಗಿರ್ಬೇಕು, ರಿಫಾರ್ಮ್‌ನವರು 1983ರಲ್ಲಿ ತಂದೆ ಮಾತ್ರ ಯಹೂದಿ ಆಗಿದ್ದು ಮಗು ಯಹೂದಿಯಾಗಿ ಬೆಳೆದಿದ್ರೂ ಸರಿ ಅಂತ ಒಪ್ಕೊಂಡ್ರು. ಅಂದ್ರೆ ಅಪ್ಪ ಮಾತ್ರ ಯಹೂದಿ ಆಗಿರೋ ಹುಡುಗಿ ಒಂದು ಬಾಗಿಲಲ್ಲಿ ಒಳಗಿನವಳು, ಪಕ್ಕದ ಬಾಗಿಲಲ್ಲಿ ಹೊರಗಿನವಳು. ಅಂಥವಳೊಬ್ಳು ಪಾತ್ರೆ ತೊಳೀತಾ ನನ್ನ ಹತ್ರ, ನಿನ್ನ ನೋಡಿದ್ರೆ ಹೊಟ್ಟೆಕಿಚ್ಚು, ನಿನ್ನನ್ನ ಯಾರೂ ಟೆಸ್ಟ್ ಮಾಡಲ್ಲ ಅಂದ್ಲು. ಅವತ್ತಿಂದ ನಂಗೆ ಅರ್ಥ ಆಯ್ತು ಒಳ್ಳೇ ಕಾರ್ಯಕರ್ತರು ಯಾಕೆ "ನೀನು ಯಾವ ಸಿನಗಾಗ್‌ಗೆ (ಪ್ರಾರ್ಥನಾ ಮಂದಿರಕ್ಕೆ) ಹೋಗ್ತಿದ್ದೆ" ಅಂತ ಮೊದಲ ಮಾತಲ್ಲೇ ಕೇಳಲ್ಲ ಅಂತ. ನಮ್ಮಲ್ಲಿ "ನೀವು ಯಾವ ಪೈಕಿ" ಅಂತ ಕೇಳ್ತಾರಲ್ಲ, ಅದೇ ಜಾತಿ ಪ್ರಶ್ನೆ ಅದು, ಕೇಳಿದವನಿಗೆ ಸಲೀಸು, ಉತ್ತರ ಹೇಳೋನಿಗೆ ಗಂಟಲು ಕಟ್ಟತ್ತೆ.

ಹಾಡಿನ ಪುಸ್ತಕದಲ್ಲಿ ಹೀಬ್ರೂ ಜೊತೆ ಇಂಗ್ಲಿಷ್ ಅಕ್ಷರದಲ್ಲೂ ಬರ್ದಿರ್ತಾರೆ, ಪುಟದ ನಂಬರ್ ಕೂಗಿ ಹೇಳ್ತಾರೆ. ಇಂಥ ಸಣ್ಣ ಸಣ್ಣದ್ರಿಂದಾನೇ ಜನ ನಿಲ್ತಾರೆ.

ಇಸ್ರೇಲಿಗೆ ಫ್ರೀ ಟ್ರಿಪ್ ಕರ್ಕೊಂಡು ಹೋಗ್ತಾರಂತೆ?

ಬರ್ತ್‌ರೈಟ್ ಅಂತ, 1999ರಲ್ಲಿ ಶುರು. ಚಾರ್ಲ್ಸ್ ಬ್ರಾನ್ಫ್‌ಮನ್, ಮೈಕಲ್ ಸ್ಟೈನ್‌ಹಾರ್ಟ್ ಅನ್ನೋ ಇಬ್ರು ದೊಡ್ಡ ಶ್ರೀಮಂತರು ಹುಟ್ಟು ಹಾಕಿದ್ದು, ಇಸ್ರೇಲ್ ಸರ್ಕಾರದ ದುಡ್ಡೂ ಇದೆ. ಮೂಲ ರೂಪದಲ್ಲಿ 18ರಿಂದ 26 ವಯಸ್ಸಿನವರಿಗೆ ಹತ್ತು ದಿನ. ಯಹೂದಿ ಅಲ್ಲದವರಿಗೆ ಇಲ್ಲ, ಹಾಗಾಗಿ ನನ್ನನ್ನ ಕೇಳ್ಬೇಡಿ. ಹೋಗಿ ಬಂದವರಲ್ಲಿ ಬಸ್ಸಲ್ಲಿ ಸಿಕ್ಕ ಸ್ನೇಹಿತರ ಬಗ್ಗೆ ಮಾತಾಡದವರು ಇಲ್ಲ. ಇದು ಒಂದೇ ಕಡೆಯ ನೋಟ ತೋರಿಸತ್ತೆ, ಪ್ಯಾಲೆಸ್ಟೀನಿಯರ ಬದುಕು ಕಾಣಲ್ಲ ಅಂತ ಜಗಳ ಆಡೋ ಯಹೂದಿ ವಿದ್ಯಾರ್ಥಿಗಳೂ ಇದಾರೆ.

ಹಾಗಾದ್ರೆ ಊಟದ ಟೇಬಲ್ಲಿಗೆ ರಾಜಕೀಯ ಬರಲ್ವಾ?

ಬರದೇ ಇರತ್ತಾ. ಹಿಲೆಲ್ ಕೇಂದ್ರ ಸಂಸ್ಥೆಗೆ ಇಸ್ರೇಲ್ ವಿಷಯದಲ್ಲಿ ಯಾರ ಜೊತೆ ಕಾರ್ಯಕ್ರಮ ಮಾಡ್ಬಹುದು ಯಾರ ಜೊತೆ ಬೇಡ ಅನ್ನೋ ನಿಯಮ ಇದೆ. ಅದನ್ನ ಒಪ್ಪಲ್ಲ ಅಂತ 2013ರಲ್ಲಿ ಸ್ವಾರ್ತ್‌ಮೋರ್ ಕಾಲೇಜಿನ ಹುಡುಗ್ರು ತಮ್ಮದು "ಓಪನ್ ಹಿಲೆಲ್" ಅಂತ ಘೋಷಿಸಿದ್ರು, 2015ರಲ್ಲಿ ಹಿಲೆಲ್ ಅನ್ನೋ ಹೆಸರನ್ನೇ ಬಿಟ್ರು. 2023ರ ಅಕ್ಟೋಬರ್ 7ರಂದು ಇಸ್ರೇಲ್ ಮೇಲೆ ಹಮಾಸ್ ದಾಳಿ ಆದ್ಮೇಲೆ, ಗಾಜಾ ಯುದ್ಧ, 2024ರ ಏಪ್ರಿಲ್‌ನಲ್ಲಿ ಕೊಲಂಬಿಯಾದಿಂದ ಹಬ್ಬಿದ ಟೆಂಟ್ ಪ್ರತಿಭಟನೆ ಇವೆಲ್ಲ ಬಂದು ಬಿರುಕು ಇನ್ನೂ ಅಗಲ ಆಯ್ತು. ಆ ವರ್ಷ ಪಾಸೋವರ್ ಅದೇ ವಾರ ಬಿತ್ತು, ಕೆಲವು ಯಹೂದಿ ವಿದ್ಯಾರ್ಥಿಗಳು ಪ್ರತಿಭಟನೆಯ ಟೆಂಟಲ್ಲೇ ಸೇಡರ್ ಮಾಡಿದ್ರು, ಇನ್ನು ಕೆಲವರಿಗೆ ಅದೇ ಟೆಂಟಿನ ಮುಂದೆ ನಡೆದು ಹೋಗೋಕೆ ಭಯ. ಇಬ್ರೂ ಸೇಡರಿಗೆ ಕೂತವರೇ. ನಾನು ಹೊರಗಿನವ, ತೀರ್ಪು ಕೊಡಲ್ಲ. ಆದ್ರೆ ಬರೀ ಒಂದು ಪಕ್ಷದವರಿಗೆ ಮಾತ್ರ ಸಲೀಸಾಗೋ ಊಟದ ಮನೆ ಅರ್ಧ ಹುಡುಗ್ರನ್ನ ಕಳ್ಕೊಳತ್ತೆ, ಇದಂತೂ ಕಂಡಿದ್ದು.

ಬಾಗಿಲಲ್ಲಿ ಗಾರ್ಡ್ ನಿಲ್ಸಿ ಐಡಿ ಕೇಳ್ತಾರೆ, ನಮ್ಮನ್ನ ಅನುಮಾನದಿಂದ ನೋಡ್ತಾರಾ?

ಎಲ್ರನ್ನೂ ಕೇಳ್ತಾರೆ. 2018ರ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗಿನ ಸಿನಗಾಗಲ್ಲಿ ಶಬ್ಬಾತ್ ಬೆಳಿಗ್ಗೆ 11 ಜನರನ್ನ ಗುಂಡಿಟ್ಟು ಕೊಂದ್ರು, ಆಮೇಲೆ ಎಲ್ಲಾ ಕಡೆ ಬಿಗಿ ಆಯ್ತು. ಬೇಜಾರು ಮಾಡ್ಕೋಬೇಡಿ, ಐಡಿ ತೋರಿಸಿ, ಯಾರು ಕರೆದ್ರು ಅಂತ ಹೇಳಿ.

ನಾವು ಕನ್ನಡದ ಹುಡುಗ್ರು ಹೋಗ್ಬಹುದಾ? ಮತಾಂತರ ಗಿತಾಂತರ ಮಾಡ್ತಾರಾ?

ಈ ಪ್ರಶ್ನೆ ಕೇಳೋದು ಯಾವಾಗ್ಲೂ ಅಪ್ಪ ಅಮ್ಮಂದಿರು. ಅಂಕಲ್, ಆಂಟಿ, ನೆಮ್ಮದಿಯಾಗಿರಿ, ಅವರು ಯಾರನ್ನೂ ಎಳ್ಕೊಳಲ್ಲ. ತಾನಾಗೇ ಬಂದು ಸೇರ್ತೀನಿ ಅಂದವನನ್ನೂ ಮೂರು ಸಲ ವಾಪಸ್ ಕಳಿಸ್ಬೇಕು ಅಂತ ಅವರಲ್ಲಿ ಹಳೇ ರೂಢಿ. ಖಬಾದ್‌ನವರು ಕೆಲವೊಮ್ಮೆ ಕ್ಯಾಂಪಸ್ ದಾರೀಲಿ ಟೇಬಲ್ ಹಾಕ್ಕೊಂಡು ನಿಂತು "ನೀನು ಯಹೂದಿನಾ" ಅಂತ ಕೇಳ್ತಾರೆ, ಅಲ್ಲ ಅಂದ್ರೆ "ಸರಿ, ಹ್ಯಾವ್ ಅ ನೈಸ್ ಡೇ" ಅಂತ ಮುಂದಿನವನ ಕಡೆ ತಿರುಗ್ತಾರೆ, ಅಷ್ಟೇ ಕತೆ. ಸ್ನೇಹಿತರು ಕರೆದ್ರೆ ಹೋಗಿ. ಕರೀದೇ ಪ್ರತಿ ವಾರ ಬಿಟ್ಟಿ ಊಟಕ್ಕೆ ಹೋಗೋದು ಮಾತ್ರ ಚೆನ್ನಾಗಿರಲ್ಲ, ಒಂದೆರಡು ಸಲ ಆದ್ಮೇಲೆ ಕೆಲಸಕ್ಕೆ ಕೈ ಹಾಕಿ.

ವೆಜಿಟೇರಿಯನ್‌ಗೆ ಏನು ಸಿಗತ್ತೆ?

ಅವರ ಊಟದ ಕಟ್ಟಳೆಗೆ ಕೋಷರ್ ಅಂತಾರೆ. ಕೋಷರ್ ಅಂದ್ರೆ ವೆಜ್ ಅಲ್ಲ, ಮೊದಲು ಇದನ್ನ ತಲೇಲಿಟ್ಕೊಳಿ. ಕೋಷರಲ್ಲಿ ಮಾಂಸ ಹಾಲು ಒಟ್ಟಿಗೆ ಸೇರೋ ಹಾಗಿಲ್ಲ. ಶುಕ್ರವಾರ ಸಾಮಾನ್ಯವಾಗಿ ಕೋಳಿ ಇರತ್ತೆ, ಅಂದ್ರೆ ಅವತ್ತು ಹಾಲು, ಬೆಣ್ಣೆ, ಮೊಸರು ಯಾವುದೂ ಟೇಬಲ್ ಮೇಲೆ ಬರಲ್ಲ, ಕಾಫಿಗೂ ಹಾಲಿಲ್ಲ. ಕೊನೆಗೆ ಮಜ್ಜಿಗೆ ಅನ್ನ ಇಲ್ದೆ ಊಟ ಮುಗಿಯದವರು ಮನೆಗೆ ಬಂದು ತಿನ್ಕೊಳಿ. ಎರಡೂ ಇಲ್ಲದ್ದಕ್ಕೆ ಪಾರ್ವೆ ಅಂತಾರೆ, ಆದ್ರೆ ಮೊಟ್ಟೆ, ಮೀನು ಪಾರ್ವೆ ಲೆಕ್ಕದಲ್ಲೇ ಬರತ್ತೆ, ಹುಷಾರು. ಹಲ್ಲಾ ಬ್ರೆಡ್ಡಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರತ್ತೆ, ಕುಗೆಲಲ್ಲೂ. ಹಮ್ಮಸ್, ಸಲಾಡ್, ಹುರಿದ ತರಕಾರಿ, ಅನ್ನ ಧಾರಾಳ. ಮೊದಲೇ ಹೇಳಿದ್ರೆ ಬೇರೆ ಮಾಡಿಡ್ತಾರೆ.

ನಮ್ಮ ಕನ್ನಡ ಕೂಟಕ್ಕೆ ಸ್ಟೂಡೆಂಟ್ಸ್ ಬರಲ್ಲ, ಇವರಿಂದ ಏನು ಕಲೀಬಹುದು?

ಕೂಟದ ಹಿರಿಯರು ಬೈಯಲ್ಲ ಅಂದ್ರೆ ಹೇಳ್ತೀನಿ. ವರ್ಷಕ್ಕೆ ಎರಡು ಸಲ, ಯುಗಾದಿಗೊಂದು ರಾಜ್ಯೋತ್ಸವಕ್ಕೊಂದು ಹಾಲ್ ಬುಕ್ ಮಾಡಿ, ಆರು ಗಂಟೆ ಕಾರ್ಯಕ್ರಮ ಇಟ್ಟು, ಸನ್ಮಾನ ಮಾಡಿ, ಸ್ಟೂಡೆಂಟ್ ಟಿಕೆಟ್ ಹತ್ತು ಡಾಲರ್ ಅಂದ್ರೆ ಹುಡುಗ್ರು ಬರ್ತಾರೆ, ಬಿಸಿಬೇಳೆಬಾತ್ ತಿಂತಾರೆ, ಹೋಗ್ತಾರೆ. ಅದೇ ಪಿಜ್ಜಾ ಕತೆ. ಅದರ ಬದ್ಲು ಒಂದೇ ಮನೆ, ತಿಂಗಳಿಗೆ ಒಂದು ಭಾನುವಾರ, ಹತ್ತು ಜನಕ್ಕೆ ಸಾರು ಅನ್ನ ಪಲ್ಯ, ಭಾಷಣ ಇಲ್ಲ. ಕರೆಯೋದು ಗ್ರೂಪ್ ಮೆಸೇಜಲ್ಲಿ ಬೇಡ, ಹೆಸರು ಹಿಡ್ದು ಫೋನ್ ಮಾಡಿ. ಬಂದವನ ಕೈಗೆ ತೆಂಗಿನಕಾಯಿ ತುರಿಯೋ ಕೆಲಸ ಕೊಡಿ. ಕನ್ನಡ ಸರಿಯಾಗಿ ಬರದ, ಅಲ್ಲೇ ಹುಟ್ಟಿ ಬೆಳೆದ ಹುಡುಗಿ ಬಂದ್ರೆ "ಏನಮ್ಮ ಕನ್ನಡ ಬರಲ್ವಾ" ಅಂತ ಎಲ್ರ ಮುಂದೆ ಕೇಳ್ಬೇಡಿ, ದಮ್ಮಯ್ಯ. ಅವಳು ಮತ್ತೆ ಬರಲ್ಲ. ನಾನೂ ಅಂಥ ಒಂದು ಕಮಿಟೀಲಿ ಇದ್ದೆ, ಇದನ್ನೇ ಹೇಳ್ದೆ, ಮೀಟಿಂಗ್ ಮಿನಿಟ್ಸಲ್ಲಿ ಬರ್ಕೊಂಡ್ರು, ಮುಂದಿನ ಯುಗಾದಿಗೆ ಇನ್ನೂ ದೊಡ್ಡ ಹಾಲ್ ಬುಕ್ ಮಾಡಿದ್ರು.

ಕೊನೇ ಪ್ರಶ್ನೆ, ಬರಿಗೈಲಿ ಹೋಗೋಕೆ ಮನಸ್ಸಾಗಲ್ಲ, ಏನು ತಗೊಂಡು ಹೋಗ್ಲಿ?

ತಿನ್ನೋ ವಸ್ತು ಬೇಡ. ನಾನು ಎರಡನೇ ವಾರ ಅಭಿಮಾನದಿಂದ ಪುಳಿಯೋಗರೆ ಕಲಸಿ ಸ್ಟೀಲ್ ಡಬ್ಬಿ ತುಂಬ ತಗೊಂಡು ಹೋದೆ. ಬಾಗಿಲಲ್ಲಿದ್ದ ಹುಡುಗಿ ಮುಖ ಸಣ್ಣದಾಯ್ತು, ನಿನ್ನ ಅಡುಗೆಮನೆ ಕೋಷರ್ ಅಲ್ವಲ್ಲ, ಒಳಗೆ ತರೋ ಹಾಗಿಲ್ಲ, ತಪ್ಪು ತಿಳ್ಕೋಬೇಡ ಅಂದ್ಲು. ನಂಗೆ ನಮ್ಮಜ್ಜಿ ಮಡೀಲಿ ಅಡುಗೆಮನೆ ಹೊಸ್ತಿಲಲ್ಲಿ ನಿಂತು "ಅಲ್ಲೇ ಇಡು" ಅಂತಿದ್ದಿದ್ದು ನೆನಪಾಗಿ ನಗು ಬಂತು, ಅವಳಿಗೆ ಯಾಕೆ ನಗ್ತಿದೀನಿ ಅಂತ ಅರ್ಥ ಆಗ್ಲಿಲ್ಲ. ಡಬ್ಬಿ ಹೊರಗೆ ಬೆಂಚಿನ ಮೇಲಿಟ್ಟು ಊಟ ಮುಗಿಸಿ ಬಂದ್ರೆ ಮೂರು ಜನ ಚಳೀಲಿ ಜಾಕೆಟ್ ಹಾಕ್ಕೊಂಡು ನಿಂತು ಪ್ಲಾಸ್ಟಿಕ್ ಚಮಚದಲ್ಲಿ ತಿಂತಿದಾರೆ, ನಾವು ಕೋಷರ್ ಪಾಲಿಸಲ್ಲ, ಇದು ಏನಿದು, ಇನ್ನೂ ಇದ್ಯಾ ಅಂತ.

ಹೂವು ತಗೊಂಡು ಹೋಗಿ, ಶುಕ್ರವಾರ ಸೂರ್ಯ ಮುಳುಗೋ ಮುಂಚೆ ಕೊಟ್ಬಿಡಿ. ಆಮೇಲೆ ಪಾತ್ರೆ ತೊಳೆಯೋಕೆ ನಿಲ್ಲಿ. ಆದ್ರೆ ಸ್ಪಂಜು ಮುಟ್ಟೋ ಮುಂಚೆ ಯಾವ ಸಿಂಕು ಅಂತ ಕೇಳಿ, ನಮ್ಮಲ್ಲಿ ಕೆಂಪು ಅಂಟಿಸಿದ್ದು ಮಾಂಸದ್ದು, ನೀಲಿ ಹಾಲಿನದ್ದು. ನಾನು ಕೇಳ್ಲಿಲ್ಲ, ಒಂದು ಸೌಟು ಕೆಡಿಸ್ದೆ.